ಹೊಲ ಅವರದು, ಹಾದಿ ಎಲ್ಲರದು

ಶೆಫೀಲ್ಡಿನಿಂದ ಮ್ಯಾಂಚೆಸ್ಟರ್ ಕಡೆಗೆ ಹೋಗುವ ರೈಲು ಊರು ದಾಟಿದ ಸ್ವಲ್ಪ ಹೊತ್ತಿಗೆ ಟಾಟ್ಲಿ ಸುರಂಗವನ್ನು ಹೊಗುತ್ತದೆ. ಮೂರೂವರೆ ಮೈಲಿ ಕತ್ತಲು. ಆಚೆ ಬಂದರೆ ಕಾರ್ಖಾನೆಯೂ ಇಲ್ಲ, ಸಾಲುಮನೆಗಳೂ ಇಲ್ಲ. ಹಸಿರು ಕಣಿವೆ, ಕಲ್ಲಿನ ಪಾಗಾರ, ಕುರಿಮಂದೆ. 1894ರಲ್ಲಿ ಈ ಮಾರ್ಗ ತೆರೆದ ಮೇಲೆ ಶೆಫೀಲ್ಡಿನ ಉಕ್ಕಿನ ಕುಲುಮೆಗಳಲ್ಲಿ ವಾರವಿಡೀ ಬೇಯುತ್ತಿದ್ದವರಿಗೆ ಭಾನುವಾರದ ಮಟ್ಟಿಗೆ ಬೆಟ್ಟ ಕೈಗೆಟುಕಿತು. 1900ರ ಸೆಪ್ಟೆಂಬರಿನಲ್ಲಿ ಬರ್ಟ್ ವಾರ್ಡ್ ಎಂಬ ಶೆಫೀಲ್ಡಿನ ಕಾರ್ಮಿಕನೊಬ್ಬ ಪತ್ರಿಕೆಯಲ್ಲಿ ಒಂದು ಜಾಹೀರಾತು ಹಾಕಿ, ಬಂದಷ್ಟು ಜನರನ್ನು ಕೂಡಿಸಿಕೊಂಡು ಕಿಂಡರ್ ಸ್ಕೌಟ್ ಬೆಟ್ಟವನ್ನು ಒಂದು ಸುತ್ತು ಹಾಕಿದ. ಶೆಫೀಲ್ಡ್ ಕ್ಲಾರಿಯನ್ ರ‍್ಯಾಂಬ್ಲರ್ಸ್ ಎಂಬ ನಡಿಗೆಯ ಸಂಘ ಹುಟ್ಟಿದ್ದು ಹಾಗೆ. ಇವತ್ತಿಗೂ ಶನಿವಾರ ಬೆಳಗಿನ ಗಾಡಿಯಲ್ಲಿ ಆ ಬೆಟ್ಟದ ಬುಡದ ಈಡೇಲ್ ನಿಲ್ದಾಣದಲ್ಲಿ ಇಳಿಯುವವರನ್ನು ನೋಡಬೇಕು. ಅಜ್ಜ ಅಜ್ಜಿಯರಿಂದ ಹಿಡಿದು ಬೆನ್ನಿಗೆ ಕಟ್ಟಿದ ಕೂಸಿನವರೆಗೆ ಎಲ್ಲರೂ ಇರುತ್ತಾರೆ. ಕಾಲಿಗೆ ಕೆಸರು ಒಣಗಿದ ಬೂಟು, ಬೆನ್ನಿಗೆ ಚೀಲ, ಕೊರಳಲ್ಲಿ ಪ್ಲಾಸ್ಟಿಕ್ ಲಕೋಟೆಯೊಳಗಿನ ನಕಾಶೆ.

ಕಳೆದ ಆಗಸ್ಟಿನ ಕೊನೆಯ ಬ್ಯಾಂಕ್ ರಜೆಗೆ ನಾವು ಈಡೇಲಿಗೆ ಹೋದದ್ದು ಕಾರುಗಳಲ್ಲಿ. ಟೆಂಟು, ಹಾಸಿಗೆ, ಒಲೆ, ಮೂರು ಮನೆಗಳ ಊಟದ ಡಬ್ಬಿಗಳು, ಇಷ್ಟನ್ನೂ ರೈಲಿನಲ್ಲಿ ಒಯ್ಯುವುದು ಆಗದ ಮಾತು. ನಮ್ಮ ಮನೆಯವರು, ಹುಬ್ಬಳ್ಳಿ ಕಡೆಯ ಗೆಳೆಯರ ಸಂಸಾರ, ಮತ್ತು ನಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಿಂದ ನಿವೃತ್ತರಾದ ಇಂಗ್ಲಿಷ್ ಗೆಳತಿ. ಅವರು ನಮ್ಮ ಬೀದಿಯವರೇ. ಜೊತೆಗೆ ಊರಿನಿಂದ ಬಂದಿದ್ದ ಅಪ್ಪ. ಸಿದ್ದಾಪುರ ತಾಲೂಕಿನ ಅಡಿಕೆ ತೋಟ ಬಿಟ್ಟು ಬೇರೆ ಕಡೆ ಒಂದು ತಿಂಗಳೂ ನಿಲ್ಲದವರು, ಆಯಿ ತೀರಿಕೊಂಡ ಮೇಲೆ ಮೊದಲ ಬಾರಿ ಆರು ತಿಂಗಳ ವೀಸಾದಲ್ಲಿ ನಮ್ಮಲ್ಲಿ ಉಳಿದಿದ್ದರು. ಎಪ್ಪತ್ತು ದಾಟಿದೆ, ಆದರೆ ನಡಿಗೆಯಲ್ಲಿ ನಮ್ಮೆಲ್ಲರಿಗಿಂತ ಮುಂದು. ದಿನವೂ ಗುಡ್ಡ ಹತ್ತಿ ಇಳಿದ ಕಾಲು.

ಈ ದೇಶದಲ್ಲಿ ನೆಲೆಸಿದ ಕನ್ನಡದವರ ಮನೆಗಳಲ್ಲಿ ಬೆಟ್ಟದ ಹುಚ್ಚು ಹಚ್ಚುವವರು ಸಾಮಾನ್ಯವಾಗಿ ಮಕ್ಕಳು. ನಮ್ಮಲ್ಲೂ ಹಾಗೇ ಆಯಿತು. ಮಗಳು ಶಾಲೆಯಲ್ಲಿ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿಯ ಕಂಚಿನ ಹಂತಕ್ಕೆ ಸೇರಿದಳು. 1956ರಿಂದ ನಡೆದುಬಂದ ಈ ಯೋಜನೆಯಲ್ಲಿ ಹದಿನಾಲ್ಕು ಹದಿನೈದರ ಮಕ್ಕಳು ಗುಂಪು ಕಟ್ಟಿಕೊಂಡು, ನಕಾಶೆ ನೋಡಿ ದಾರಿ ಹುಡುಕಿ, ತಮ್ಮ ಊಟ ತಾವೇ ಹೊತ್ತು ಬೇಯಿಸಿ, ಒಂದು ರಾತ್ರಿ ಟೆಂಟಿನಲ್ಲಿ ಮಲಗಿ ಎದ್ದು ಬರಬೇಕು. ಹಾಗೆ ಹೋಗಿಬಂದವಳ ಮಾತಿನ ಧಾಟಿಯೇ ಬೇರೆಯಾಯಿತು. ಎಲ್ಲಿ ಟೆಂಟು ಹಾಕಬೇಕು, ಗಾಳಿ ಯಾವ ದಿಕ್ಕಿನದು, ಒದ್ದೆ ಸಾಕ್ಸ್ ಎಲ್ಲಿಡಬೇಕು ಎನ್ನುವುದರಲ್ಲೆಲ್ಲ ಅವಳೇ ನಮಗೆ ಯಜಮಾನತಿ.

ಶನಿವಾರ ಮಧ್ಯಾಹ್ನ ಕಣಿವೆಯ ಹೊಲವೊಂದರಲ್ಲಿ ಬೀಡುಬಿಟ್ಟೆವು. ಶಿಬಿರ ಹಾಕುವವರಿಗೆಂದೇ ಬಿಟ್ಟ ಹೊಲ: ಒಂದು ನಲ್ಲಿ, ಪಾತ್ರೆ ತೊಳೆಯುವ ಕಟ್ಟೆ, ಶೌಚಾಲಯ, ರಾತ್ರಿ ಹತ್ತರ ಮೇಲೆ ಗದ್ದಲ ಕೂಡದೆಂಬ ಬೋರ್ಡು. ಮಗಳು ಹುಲ್ಲಿನ ಮೇಲೆ ಕೈಯಾಡಿಸಿ ತಗ್ಗು ಜಾಗ ಬಿಟ್ಟು, ತುಸು ಇಳಿಜಾರಾದ ಕಡೆ ಕೆಳಹಾಸು ಹರಡಿದಳು. ತಲೆ ಮೇಲ್ಗಡೆ ಬರುವಂತೆ ಮಲಗಬೇಕು, ಮಳೆ ಬಂದರೆ ನೀರು ಕಾಲ ಕೆಳಗೆ ಹರಿದುಹೋಗುತ್ತದೆ ಎಂದು ತಮ್ಮನಿಗೆ ಪಾಠ. ಅಪ್ಪ ಗೂಟಗಳನ್ನು ನೋಡುತ್ತ ನಿಂತಿದ್ದರು. ಅವಳು ಗೂಟವನ್ನು ನೆಟ್ಟಗೆ ಹೊಡೆಯದೆ ಟೆಂಟಿನಿಂದ ಆಚೆಗೆ ವಾಲಿಸಿ, ಮೊನೆ ಒಳಮುಖವಾಗುವಂತೆ ಹೊಡೆದಳು. "ಸರಿ ಮಾಡ್ದೆ. ದನದ ಗೂಟನೂ ಹೀಗೇ ಹೊಡೀಬೇಕು, ಇಲ್ದಿದ್ರೆ ಎಳೆದ ಕೂಡ್ಲೆ ಕಿತ್ತು ಬರ್ತದೆ" ಎಂದರು. ಆಮೇಲೆ ಹಗ್ಗ ಬಿಗಿಯುವ ಕೆಲಸ ಅವರದಾಯಿತು. ಅಡಿಕೆ ಮರ ಬಗ್ಗಿಸಿ ಕಟ್ಟುವ ಕೈ. ಹಾಕಿದ ಗಂಟು ಮೂರು ದಿನವೂ ಸಡಿಲಲಿಲ್ಲ.

ಸಂಜೆ ಹನಿ ಶುರುವಾಯಿತು. ಹುಬ್ಬಳ್ಳಿಯ ಗೆಳೆಯರು ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ತಂದಿದ್ದರು. ನಾನು ಗ್ಯಾಸಿನ ಪುಟ್ಟ ಒಲೆಯ ಮೇಲೆ ಅನ್ನ ಇಟ್ಟು ಸಾರು ಬಿಸಿ ಮಾಡಿದೆ. ಇಂಗ್ಲಿಷ್ ಗೆಳತಿ ಎರಡು ಕಾರುಗಳ ನಡುವೆ ದೊಡ್ಡ ತಾಡಪಾಲು ಎಳೆದು ಕಟ್ಟಿ, ಅದರಡಿ ಎಲ್ಲರನ್ನೂ ಕೂರಿಸಿದರು. ಹತ್ತು ಜನ, ಒಂದು ಲಾಟೀನು, ತಾಡಪಾಲಿನ ಮೇಲೆ ಮಳೆಯ ಸದ್ದು. ಇಲ್ಲಿನ ಮನೆಗಳಲ್ಲಿ ನಾವು ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿಕೊಂಡು ಬದುಕುತ್ತೇವೆ. ಮಳೆ ಬಂದದ್ದು ಗಾಜಿನ ಮೇಲೆ ಕಂಡರೆ ಉಂಟು, ಕಿವಿಗೆ ಬೀಳುವುದಿಲ್ಲ. ಮಳೆಯನ್ನು ಅಷ್ಟು ಹತ್ತಿರ ಕೂತು ಕೇಳಿ ಎಷ್ಟೋ ಕಾಲವಾಗಿತ್ತು. ಅಪ್ಪ ಕಾಫಿಯ ಲೋಟ ಹಿಡಿದು, "ಆಷಾಢದಲ್ಲಿ ಅಡಿಕೆ ಅಟ್ಟದ ಕೆಳಗೆ ಕೂತ ಹಾಗೇ ಆತು" ಎಂದರು.

ಎಲ್ಲಿ ಬೇಕಾದರಲ್ಲಿ ಟೆಂಟು ಹಾಕುವಂತಿದ್ದರೆ ಬೆಟ್ಟದ ಮೇಲೇ ಮಲಗಬಹುದಿತ್ತಲ್ಲ ಎಂದು ಮಗ ಕೇಳಿದ. ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ನೆಲದ ಒಡೆಯನ ಒಪ್ಪಿಗೆಯಿಲ್ಲದೆ ಟೆಂಟು ಹಾಕುವ ಹಕ್ಕು ಇರುವುದು ಡಾರ್ಟ್‌ಮೂರ್ ಒಂದರಲ್ಲೇ. ಅಲ್ಲಿನ ಜಮೀನುದಾರರೊಬ್ಬರು ಅದನ್ನೂ ಪ್ರಶ್ನಿಸಿ ಕೋರ್ಟಿಗೆ ಹೋದರು. 2023ರ ಜನವರಿಯಲ್ಲಿ ಹೈಕೋರ್ಟು ಅವರ ಪರವಾಗಿ ಹೇಳಿತು, ಅದೇ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜನರ ಹಕ್ಕನ್ನು ಎತ್ತಿಹಿಡಿಯಿತು. ಸ್ಕಾಟ್‌ಲೆಂಡಿನಲ್ಲಿ ಮಾತೇ ಬೇರೆ. 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಅಲ್ಲಿ ಬಹುಪಾಲು ನೆಲದಲ್ಲಿ ಜವಾಬ್ದಾರಿಯಿಂದ ನಡೆಯಬಹುದು, ರಾತ್ರಿ ತಂಗಬಹುದು. ಒಂದೇ ದ್ವೀಪ, ನಡುವೆ ಒಂದು ಗಡಿ, ಎರಡು ನ್ಯಾಯ. ಸ್ಕಾಟರು ಮಾಡಿದ್ದೇ ಸರಿ ಎಂದು ನನ್ನ ಅಭಿಪ್ರಾಯ. ಇಪ್ಪತ್ತು ವರ್ಷ ದಾಟಿದರೂ ಅಲ್ಲಿನ ಬೆಟ್ಟಗಳೇನೂ ಹಾಳಾಗಿಲ್ಲ.

ಬೆಳಿಗ್ಗೆ ಮೋಡ ಮೇಲೆದ್ದಿತ್ತು. ಟೆಂಟಿನ ಒಳಮೈಯಲ್ಲಿ ನಮ್ಮ ಉಸಿರೇ ಹನಿಗಟ್ಟಿ ನಿಂತಿತ್ತು. ಬೆರಳು ತಾಗಿದರೆ ಗೆರೆಯಾಗಿ ಇಳಿಯುತ್ತಿತ್ತು. ಅವಲಕ್ಕಿ ತಿಂದು ಹೊರಟೆವು. ಹಳ್ಳಿಯಿಂದ ಮೇಲಣ ಬೂತ್ ಎಂಬ ಕೇರಿಗೆ, ಅಲ್ಲಿಂದ ಜೇಕಬ್ಸ್ ಲ್ಯಾಡರ್ ಮೆಟ್ಟಿಲು ಹತ್ತಿ ಕಿಂಡರ್ ನೆತ್ತಿಗೆ, ನೆತ್ತಿಯ ಅಂಚಿನಲ್ಲೇ ನಡೆದು ಡೌನ್‌ಫಾಲ್ ಜಲಪಾತಕ್ಕೆ, ಹಾಗೇ ವಾಪಸ್ಸು. ಪೆನೈನ್ ವೇ ಎಂಬ ಹೆಸರಾಂತ ದೂರದ ಹಾದಿಯ ಮೊದಲ ತುಂಡು ಇದು. 268 ಮೈಲಿ ನಡೆದು ಸ್ಕಾಟ್‌ಲೆಂಡಿನ ಕರ್ಕ್ ಯೆಟ್‌ಹಮ್ ಮುಟ್ಟುವ ಈ ಹಾದಿ 1965ರಲ್ಲಿ ತೆರೆಯಿತು. ಇಡೀ ಹಾದಿ ನಡೆಯಲು ಹೊರಟವರು ನಮ್ಮ ಪಕ್ಕದ ಟೆಂಟಿನಲ್ಲೇ ಇದ್ದರು. ನಾವು ಏಳುವ ಮೊದಲೇ ಅವರ ಜಾಗದಲ್ಲಿ ಹುಲ್ಲು ಅದುಮಿದ ಗುರುತಷ್ಟೇ ಉಳಿದಿತ್ತು.

ಹಳ್ಳಿಯ ಕೊನೆ ಮನೆ ದಾಟಿದರೆ ಪಾಗಾರಕ್ಕೆ ಒಂದು ತಡಮೆ. ನಮ್ಮೂರಿನಲ್ಲಿ ದನ ದಾಟದಂತೆ, ಮನುಷ್ಯ ದಾಟುವಂತೆ ಬೇಲಿಗೆ ಕವೆಗೋಲು ನೆಡುತ್ತಾರಲ್ಲ, ಅದೇ ಇಲ್ಲಿ ಕಲ್ಲಿನಲ್ಲಿ. ಪಾಗಾರದಿಂದ ಮೂರು ಚಪ್ಪಡಿ ಮೆಟ್ಟಿಲಾಗಿ ಚಾಚಿಕೊಂಡಿವೆ, ಹತ್ತಿ ಆಚೆ ಇಳಿಯಬೇಕು. ಪಕ್ಕದ ಕಂಬದಲ್ಲಿ ಹಳದಿ ಬಾಣದ ಗುರುತು. ಆಚೆ ಹೊಲದಲ್ಲಿ ಕುರಿ ಮೇಯುತ್ತಿವೆ, ಅದರಾಚೆ ರೈತನ ಮನೆ, ಅಂಗಳದಲ್ಲಿ ಟ್ರ್ಯಾಕ್ಟರು. ಬಾಣ ಅಂಗಳದ ಕಡೆಗೇ ತೋರಿಸುತ್ತಿತ್ತು. ಅಪ್ಪ ತಡಮೆಯ ಮೇಲೆ ನಿಂತರು.

"ಇದು ಯಾರ ಜಾಗ?"

"ರೈತರದ್ದು, ಅಜ್ಜ" ಎಂದಳು ಮಗಳು.

"ಹಂಗಾರೆ ಹೇಳದೆ ಕೇಳದೆ ಒಳಗೆ ಹೋಗೋದಾ?"

"ಕೇಳೋದು ಬೇಡ. ಇಲ್ಲಿ ದಾರಿ ಇದೆ."

ಅಪ್ಪನಿಗೆ ಸಮಾಧಾನವಾಗಲಿಲ್ಲ. ನಕಾಶೆ ಬಿಚ್ಚಿ ತೋರಿಸಿದೆವು. ಆರ್ಡ್‌ನೆನ್ಸ್ ಸರ್ವೆಯ ಕಿತ್ತಳೆ ರಟ್ಟಿನ ನಕಾಶೆಯಲ್ಲಿ ಒಂದೊಂದು ಪಾಗಾರವೂ ಗೆರೆಯಾಗಿ ಕಾಣುತ್ತದೆ. ಸಾರ್ವಜನಿಕ ಕಾಲುದಾರಿಗಳು ಹಸಿರು ಚುಕ್ಕೆಗೆರೆಗಳು. ಆ ಹಸಿರು ಗೆರೆ ಹೊಲ, ಅಂಗಳ, ಕೊಟ್ಟಿಗೆ ಯಾವುದನ್ನೂ ನೋಡದೆ ನೇರ ಹಾದುಹೋಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ಹಾದಿಗಳು ಸುಮಾರು 1,40,000 ಮೈಲಿ ಇವೆ. ನೆಲ ಖಾಸಗಿಯವರದು, ಬೆಳೆ ಅವರದು, ಹುಲ್ಲೂ ಅವರದೇ. ನಡೆಯುವ ಹಕ್ಕು ಮಾತ್ರ ಎಲ್ಲರದು. ಒಡೆಯ ಆ ದಾರಿಯನ್ನು ಉತ್ತರೂ ಮತ್ತೆ ಸರಿಮಾಡಿಕೊಡಬೇಕು, ಬೇಲಿ ಹಾಕಿದರೆ ತಡಮೆ ಇಡಬೇಕು. ನಡೆಯುವವರು ದಾರಿ ಬಿಟ್ಟು ಅಕ್ಕಪಕ್ಕ ತಿರುಗಬಾರದು, ನಾಯಿ ಇದ್ದರೆ ಹತೋಟಿಯಲ್ಲಿಟ್ಟುಕೊಳ್ಳಬೇಕು, ಗೇಟು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ ಬಿಟ್ಟುಹೋಗಬೇಕು.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಓಹೋ, ಸೊಪ್ಪಿನ ಬೆಟ್ಟದ ಹಾಗೆ" ಎಂದರು. ನನಗೆ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪು, ದರಕು ತರಲು ಕಾಡಿನ ಒಂದು ಭಾಗವನ್ನು ಬಿಟ್ಟುಕೊಟ್ಟಿದ್ದಾರೆ. ನೆಲ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದು. ಅಪ್ಪನ ಬದುಕೇ ಅದರ ಮೇಲೆ ನಿಂತದ್ದು. ಒಂದೇ ನೆಲಕ್ಕೆ ಎರಡು ಬಗೆಯ ಹಕ್ಕು ಇರಬಹುದೆಂಬ ಮಾತು, ಫ್ಲ್ಯಾಟು ಸೈಟುಗಳ ಲೆಕ್ಕದಲ್ಲಿ ಬೆಳೆದ ನಮ್ಮ ತಲೆಗಿಂತ ಅವರ ತಲೆಗೆ ಬೇಗ ಇಳಿಯಿತು. ಅಂಗಳ ದಾಟುವಾಗ ಹಿಟ್ಟಿನ ಬಕೆಟ್ ಹಿಡಿದು ಹೊರಬಂದ ರೈತ ಹೆಂಗಸು ತಲೆಯಾಡಿಸಿ ಶುಭದಿನ ಹೇಳಿದರು. ಅಪ್ಪ ಕೈಮುಗಿದರು. ಆಕೆ ಬಕೆಟ್ ಕೆಳಗಿಟ್ಟು ತಾವೂ ಕೈಮುಗಿದರು.

ಮುಂದಿನ ಹೊಲದಲ್ಲಿ ಪಾಗಾರ ಒಂದೆಡೆ ಕುಸಿದಿತ್ತು, ಒಳಗಿನ ಕಟ್ಟಣ ಕಾಣುವಂತೆ. ಸುಣ್ಣ ಇಲ್ಲ, ಮಣ್ಣೂ ಇಲ್ಲ. ಎರಡು ಬದಿಗೆ ಎರಡು ಗೋಡೆ, ತಳ ಅಗಲ, ಮೇಲೆ ಹೋದಂತೆ ಒಂದಕ್ಕೊಂದು ವಾಲುತ್ತ ಕಿರಿದು. ನಡುವೆ ಚೂರುಗಲ್ಲು ತುಂಬಿ, ಅರ್ಧ ಎತ್ತರಕ್ಕೆ ಈ ಬದಿಯಿಂದ ಆ ಬದಿಗೆ ಹಾಯುವ ಉದ್ದನೆಯ ಕಟ್ಟುಗಲ್ಲು, ತುದಿಗೆ ಸಾಲಾಗಿ ನಿಲ್ಲಿಸಿದ ಬಿಲ್ಲೆಗಲ್ಲು. ಅಪ್ಪ ಬಿದ್ದ ಕಲ್ಲೊಂದನ್ನು ಎತ್ತಿ ಎರಡು ಕೈಯಲ್ಲಿ ತೂಗಿ, ತಿರುಗಿಸಿ ತಿರುಗಿಸಿ ಮುಖ ನೋಡಿದರು. ಚಿರೇಕಲ್ಲಿನ ಪಾಗಾರ ಕಟ್ಟಿದವರಿಗೆ ಈ ಗಟ್ಟಿ ಮರಳುಗಲ್ಲು ಹೊಸದು. ಎಲ್ಲಿತ್ತೋ ಅಲ್ಲೇ ಇಟ್ಟು ಬಂದರು.

ಜೇಕಬ್ಸ್ ಲ್ಯಾಡರಿನ ಬುಡದಲ್ಲಿ ಹಳೆಯ ಕಾಲದ ಹೇರುಕುದುರೆಗಳು ದಾಟುತ್ತಿದ್ದ ಪುಟ್ಟ ಕಮಾನು ಸೇತುವೆ ಇದೆ. ಅಲ್ಲಿಂದ ಕಲ್ಲುಮೆಟ್ಟಿಲಿನ ಕಡಿದಾದ ಏರು. ಮಾತು ನಿಂತು ಉಸಿರಷ್ಟೇ ಉಳಿಯಿತು. ಇಳಿಯುತ್ತಿದ್ದವರು ಪಕ್ಕಕ್ಕೆ ಸರಿದು ಹತ್ತುವವರಿಗೆ ದಾರಿ ಬಿಡುತ್ತಿದ್ದರು, ಪ್ರತಿಯೊಬ್ಬರೂ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತಿದ್ದರು. ಪೇಟೆಯಲ್ಲಿ ಎದುರುಮನೆಯವರ ಮುಖವನ್ನೂ ನೋಡದೆ ಹಾಯುವ ಜನ ಇಲ್ಲಿ ಅಪರಿಚಿತರ ಮಕ್ಕಳ ವಯಸ್ಸು ವಿಚಾರಿಸುತ್ತಾರೆ, ಮೇಲೆ ಗಾಳಿ ಹೇಗಿದೆ ಎಂದು ಎಚ್ಚರ ಹೇಳುತ್ತಾರೆ. ಬ್ರಾಡ್‌ಫರ್ಡಿನಿಂದ ಬಂದಿದ್ದ ಪಂಜಾಬಿ ಮಾತಿನ ಹೆಂಗಸರ ಗುಂಪೊಂದು ಸಿಕ್ಕಿತು, ಸಲ್ವಾರಿನ ಮೇಲೆ ಮಳೆಕೋಟು. ಹುಬ್ಬಳ್ಳಿಯ ಗೆಳೆಯರಿಗೆ ಅವರು ಕೊಟ್ಟ ಖರ್ಜೂರಕ್ಕೆ ಪ್ರತಿಯಾಗಿ ನಮ್ಮ ಚಕ್ಕುಲಿ ಹೋಯಿತು. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಬೆಟ್ಟದ ಮೇಲೆ ನಮ್ಮ ಬಣ್ಣದವರು ಕಾಣುತ್ತಿದ್ದುದು ಅಪರೂಪ. ಈಗ ಹಾಗಿಲ್ಲ ಎನ್ನುವುದು ನನಗೆ ತುಂಬ ಸಂತೋಷದ ಸಂಗತಿ. ಉದ್ಯೋಗ ಕೊಟ್ಟ ನಗರ, ಓದು ಕೊಟ್ಟ ಶಾಲೆ, ಇವೆಲ್ಲ ಒಂದು ಬಗೆಯಲ್ಲಿ ಕೊಡು-ಕೊಳ್ಳುವ ಸಂಬಂಧ. ಬೆಟ್ಟದ ಹಾದಿ ಏನನ್ನೂ ಕೇಳುವುದಿಲ್ಲ. ಅದರ ಮೇಲೆ ನಡೆಯಲು ಇಲ್ಲಿಯೇ ಹುಟ್ಟಿದವರಿಗೆ ಎಷ್ಟು ಹಕ್ಕೋ ನಿನ್ನೆ ವಿಮಾನ ಇಳಿದವರಿಗೂ ಅಷ್ಟೇ ಹಕ್ಕು. ಕಾನೂನು ಬರೆದಿರುವುದೇ ಹಾಗೆ.

ಮೇಲೆ ಹತ್ತಿದರೆ ಕಿಂಡರ್ ಶಿಖರವೇ ಅಲ್ಲ, ದೊಡ್ಡದೊಂದು ಬಯಲು. 636 ಮೀಟರ್ ಎತ್ತರದ ಅತಿ ಮೇಲಿನ ಬಿಂದು ಕಪ್ಪು ಮಣ್ಣಿನ ನಡುವೆ ಎಲ್ಲೋ ಇದೆ, ಗುರುತು ಸಿಗುವುದು ಕಷ್ಟ. ಎಲ್ಲರೂ ಹೋಗಿ ಕೈಯಿಟ್ಟು ಬರುವುದು ಸ್ವಲ್ಪ ಈಚೆಗೆ, 633 ಮೀಟರಿನಲ್ಲಿ ಬಂಡೆಯ ಮೇಲೆ ನಿಂತ ಕಿಂಡರ್ ಲೋ ಎಂಬ ಸರ್ವೆ ಕಂಬಕ್ಕೆ. 1936ರಲ್ಲಿ ಮಾರ್ಟಿನ್ ಹಾಟಿನ್ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ ಇಡೀ ಬ್ರಿಟನ್ನನ್ನು ಹೊಸದಾಗಿ ತ್ರಿಕೋನ ಮಾಪನ ಮಾಡಲು ಹೊರಟಾಗ ಬೆಟ್ಟದ ತುದಿಗಳಲ್ಲಿ ಇಂಥ ಸಾವಿರಾರು ಕಂಬ ಕಟ್ಟಿದರು. ಈಗ ಅಳತೆಯೆಲ್ಲ ಉಪಗ್ರಹದಿಂದ. ಕಂಬಗಳು ಹತ್ತಿದವರು ಫೋಟೋ ತೆಗೆಸಿಕೊಳ್ಳುವ ಜಾಗಗಳಾಗಿ ಉಳಿದಿವೆ. ಇದೇ ವಿದ್ಯೆಯನ್ನು ಟಿಪ್ಪು ಮಡಿದ ಮರುವರ್ಷವೇ ಬೆಂಗಳೂರಿನ ಹತ್ತಿರ ಸರಪಳಿ ಎಳೆಯುತ್ತ ಶುರುಮಾಡಿದವನು ವಿಲಿಯಂ ಲ್ಯಾಂಬ್ಟನ್, ಯಾರ್ಕ್‌ಷೈರಿನವನು. ಭಾರತದ ಮಹಾ ತ್ರಿಕೋನ ಮಾಪನಕ್ಕೆ ದಾರಿಯಾದದ್ದು ಆ ಕೆಲಸ. ಮಗ ಕಂಬದ ಮೇಲೆ ಕಿವಿಯಿಟ್ಟು ಗಾಳಿಯ ಸದ್ದು ಕೇಳಿದ.

ಆಗಸ್ಟಿನಲ್ಲಿ ಹೆದರ್ ಗಿಡ ಹೂಬಿಡುತ್ತದೆ. ಮೊಣಕಾಲೆತ್ತರದ ಗಿಡ, ಕಾಳಿನಷ್ಟು ಸಣ್ಣ ನೇರಳೆ ಹೂ, ಕಣ್ಣಿಗೆ ಕಾಣುವಷ್ಟು ದೂರ. ಅದರ ನಡುವೆ ಕಪ್ಪು ಮಣ್ಣಿನ ಕೊರಕಲುಗಳು. ಈ ಮಣ್ಣು ಪೀಟ್. ನೀರಿನಲ್ಲಿ ಕೊಳೆಯದೆ ಪದರ ಪದರವಾಗಿ ಕೂತ ಸಸ್ಯ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್, ಅಂದರೆ ಒಂದು ಮೀಟರ್ ಆಳಕ್ಕೆ ಸಾವಿರ ವರ್ಷ. ಅದನ್ನು ಕಟ್ಟುವುದು ಸ್ಫ್ಯಾಗ್ನಮ್ ಎಂಬ ಪಾಚಿ. ಇಂಗ್ಲಿಷ್ ಗೆಳತಿ ದಾರಿಯ ಪಕ್ಕದ ತಗ್ಗಿನಲ್ಲಿ ಬೆಳೆದ ಹಸಿರು ಕೆಂಪು ಮಿಶ್ರಿತ ಹಾಸನ್ನು ತೋರಿಸಿ, ಕೀಳಬೇಡಿ, ಬರೀ ಅದುಮಿ ನೋಡಿ ಎಂದರು. ಮಗಳು ಅಂಗೈ ಒತ್ತಿದಳು. ಬೆರಳುಗಳ ಸಂದಿಯಿಂದ ಗಳಗಳನೆ ನೀರೆದ್ದು ಮಣಿಕಟ್ಟು ಮುಳುಗಿತು, ಕೈ ತೆಗೆದ ಕೂಡಲೇ ಪಾಚಿ ಮತ್ತೆ ಉಬ್ಬಿ ನೀರನ್ನು ಹೀರಿಕೊಂಡಿತು. ತನ್ನ ಒಣ ತೂಕದ ಇಪ್ಪತ್ತು ಪಟ್ಟು ನೀರನ್ನು ಅದು ಹಿಡಿಯಬಲ್ಲದು. ಮ್ಯಾಂಚೆಸ್ಟರ್, ಶೆಫೀಲ್ಡ್ ಎರಡೂ ಕಡೆಯ ಕಾರ್ಖಾನೆಗಳ ಗಂಧಕದ ಹೊಗೆ ಒಂದೂವರೆ ಶತಮಾನ ಇದರ ಮೇಲೆ ಮಳೆಯಾಗಿ ಸುರಿದು ಪಾಚಿ ಸತ್ತಿತು, ಪೀಟ್ ಬರಿದಾಗಿ ಗಾಳಿಗೆ ಹಾರಿತು, ನೀರಿನಲ್ಲಿ ಕೊಚ್ಚಿಹೋಯಿತು. 2003ರಿಂದ ಮೂರ್ಸ್ ಫಾರ್ ದ ಫ್ಯೂಚರ್ ಎಂಬ ಒಕ್ಕೂಟ ಇಲ್ಲಿ ಕೆಲಸ ಮಾಡುತ್ತಿದೆ. ಹೆಲಿಕಾಪ್ಟರಿನಲ್ಲಿ ಕಲ್ಲು ತಂದು ಕೊರಕಲುಗಳಿಗೆ ಒಡ್ಡು ಹಾಕುವುದು, ಬರಿಮಣ್ಣಿನ ಮೇಲೆ ಸುಣ್ಣ ಹಾಕಿ ಹುಲ್ಲಿನ ಬೀಜ ಬಿತ್ತುವುದು, ಪಾಚಿಯ ಸಣ್ಣ ಸಣ್ಣ ಗಡ್ಡೆಗಳನ್ನು ಕೈಯಿಂದಲೇ ನೆಡುವುದು. ಬೆಟ್ಟಕ್ಕೆ ನೀರು ನಿಂತರೆ ಕೆಳಗಿನ ಊರುಗಳಿಗೆ ನೆರೆ ಕಡಿಮೆ.

ಇದನ್ನು ಅಪ್ಪನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವರೂರಿನ ಹತ್ತಿರವೇ ಕತ್ತಲೆಕಾನು ಇದೆ. ರಾಮಪತ್ರೆ ಜಾತಿಯ ಮರಗಳು ಬೇರನ್ನು ಮಂಡಿಯಂತೆ ಮೇಲೆತ್ತಿ ನಿಂತ ಜಡ್ಡಿಗಳು, ಬೇಸಿಗೆಯಲ್ಲೂ ಆರದ ನೀರು. "ಜಡ್ಡಿ ಒಡೆದು ಗದ್ದೆ ಮಾಡಿದ್ರು ನಮ್ಮ ಕಡೆ. ಆಮೇಲೆ ಏಪ್ರಿಲಿನಲ್ಲಿ ಹಳ್ಳ ಆರಿಹೋತು. ಇವರು ತಿರುಗಿ ಜಡ್ಡಿ ಮಾಡ್ತಾ ಇದ್ದಾರಲ್ಲ, ಅದು ದೊಡ್ಡ ಕೆಲಸ" ಎಂದು ಒಡ್ಡಿನ ಹಿಂದೆ ನಿಂತ ಕಪ್ಪು ನೀರನ್ನೇ ಬಹಳ ಹೊತ್ತು ನೋಡಿದರು. ನಾವು ಮುಂದೆ ಹೋದ ಮೇಲೂ ಅವರನ್ನು ಕರೆಯಬೇಕಾಯಿತು.

ಡೌನ್‌ಫಾಲ್ ತಲುಪಿದಾಗ ನೀರು ಹೆಚ್ಚಿರಲಿಲ್ಲ. ಮೂವತ್ತು ಮೀಟರಿನ ಕಲ್ಲಿನ ಬಿರುಕಿನಲ್ಲಿ ಬಿಳಿ ಎಳೆಗಳಷ್ಟೇ. ಪಡುವಣ ಗಾಳಿ ಜೋರಾದಾಗ ಬೀಳುವ ನೀರನ್ನು ಮೇಲಕ್ಕೇ ತೂರಿ ಮೋಡದಂತೆ ಮಾಡುತ್ತದಂತೆ. ನಮಗೆ ಆ ಭಾಗ್ಯ ಸಿಗಲಿಲ್ಲ. ಬಂಡೆಗಳ ಮೇಲೆ ಬುತ್ತಿ ಬಿಚ್ಚಿದೆವು. ಕೆಳಗೆ ಕಿಂಡರ್ ಜಲಾಶಯ, ಅದರಾಚೆ ಹೇಫೀಲ್ಡ್ ಹಳ್ಳಿ, ಇನ್ನೂ ಆಚೆ ಮಬ್ಬಿನಲ್ಲಿ ಮ್ಯಾಂಚೆಸ್ಟರಿನ ಗೋಪುರಗಳು. ಬಲಗಡೆಯಿಂದ ಜಲಾಶಯಕ್ಕೆ ಇಳಿಯುವ ಕಂದರ ವಿಲಿಯಂ ಕ್ಲಫ್. ಇಂಗ್ಲಿಷ್ ಗೆಳತಿ ಅದನ್ನು ತೋರಿಸಿ ಮಕ್ಕಳಿಗೆ ಅಲ್ಲಿ ನಡೆದದ್ದರ ಕತೆ ಹೇಳಿದರು. ಅವರ ತಾತ ಉಕ್ಕಿನ ಕಾರ್ಖಾನೆಯವರು, ಭಾನುವಾರಗಳಲ್ಲಿ ಇಲ್ಲೆಲ್ಲ ಕದ್ದು ನಡೆದವರು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬಯಲಿಗೆಲ್ಲ ಬೇಲಿ ಬಿತ್ತು. ಶ್ರೀಮಂತರು ಗ್ರೌಸ್ ಎಂಬ ಕಾಡುಕೋಳಿಯನ್ನು ಗುಂಡಿಟ್ಟು ಹೊಡೆಯುವ ಮೋಜಿಗಾಗಿ ಇಡೀ ಬೆಟ್ಟ ಮೀಸಲು. ವರ್ಷದಲ್ಲಿ ಕೆಲವೇ ದಿನ ನಡೆಯುವ ಬೇಟೆಗಾಗಿ ವರ್ಷವಿಡೀ ಕಾವಲುಗಾರರು. 1932ರ ಏಪ್ರಿಲ್ 24ರಂದು ಸುಮಾರು ನಾನೂರು ಜನ, ಹೆಚ್ಚಿನವರು ಮ್ಯಾಂಚೆಸ್ಟರಿನ ದುಡಿಯುವ ಹುಡುಗ ಹುಡುಗಿಯರು, ಹೇಫೀಲ್ಡಿನ ಕಲ್ಲುಕ್ವಾರಿಯಿಂದ ಹೊರಟು ಬೇಕೆಂದೇ, ಸಾರಿಹೇಳಿ, ಬೇಲಿ ದಾಟಿದರು. ಮುಂದಾಳು ಬೆನ್ನಿ ರಾಥ್‌ಮನ್, ಇಪ್ಪತ್ತರ ಯುವಕ. ಆ ಕಂದರದ ಏರಿನಲ್ಲಿ ಕಾವಲುಗಾರರೊಂದಿಗೆ ತಳ್ಳಾಟವಾಯಿತು. ಇನ್ನೊಂದು ದಿಕ್ಕಿನಿಂದ ಹೊರಟ ಶೆಫೀಲ್ಡಿನವರು ಮೇಲೆ ಬಂದು ಕೂಡಿಕೊಂಡರು. ಇಳಿದು ಬಂದ ಕೂಡಲೇ ಬಂಧನ. ಗಲಭೆಯ ಆರೋಪ ಹೊರಿಸಿ ಐವರನ್ನು ಎರಡರಿಂದ ಆರು ತಿಂಗಳವರೆಗೆ ಜೈಲಿಗೆ ಹಾಕಿದರು. ರಾಥ್‌ಮನ್‌ಗೆ ನಾಲ್ಕು ತಿಂಗಳು. ನಡೆದದ್ದಕ್ಕೆ ಜೈಲೇ ಎಂದು ಜನ ಕೆರಳಿದರು. ಕೆಲವೇ ವಾರಗಳಲ್ಲಿ ಹತ್ತಿರದ ವಿನ್ನಟ್ಸ್ ಕಣಿವೆಯಲ್ಲಿ ಹತ್ತು ಸಾವಿರ ಜನ ಸೇರಿದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು, ಕಾಲುದಾರಿಗಳನ್ನು ನಕಾಶೆಯಲ್ಲಿ ದಾಖಲಿಸುವ ಕೆಲಸ ಅದರಿಂದಲೇ ಆರಂಭವಾಯಿತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಬಯಲಿನಲ್ಲಿ ಎಲ್ಲೆಂದರಲ್ಲಿ ಅಡ್ಡಾಡುವ ಹಕ್ಕಿಗೆ 2000ದ ಕಾಯ್ದೆಯವರೆಗೆ ಕಾಯಬೇಕಾಯಿತು. ರಾಥ್‌ಮನ್ ಅದನ್ನೂ ಕಂಡು 2002ರ ಜನವರಿಯಲ್ಲಿ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷದ ಎಪ್ಪತ್ತನೆಯ ನೆನಪಿನ ಸಭೆಗೆ ಆ ಬೆಟ್ಟದ ಹಿಂದಿನ ಒಡೆಯರ ಮನೆತನದ ಡೆವನ್‌ಷೈರ್ ಡ್ಯೂಕ್ ತಾವೇ ಬಂದು, ತಮ್ಮ ತಾತನ ಕಾಲದಲ್ಲಿ ನಡೆದದ್ದಕ್ಕೆ ಕ್ಷಮೆ ಕೇಳಿದರು.

"ಯಾವ ವರ್ಷ ಅಂದೆ?" ಎಂದು ಅಪ್ಪ ಇನ್ನೊಮ್ಮೆ ಕೇಳಿದರು. ಹೇಳಿದೆ. 1932ರಲ್ಲೇ ಸಿದ್ದಾಪುರ, ಅಂಕೋಲೆಗಳಲ್ಲಿ ಕರನಿರಾಕರಣೆ. ತೀರ್ವೆ ಕಟ್ಟುವುದಿಲ್ಲವೆಂದು ನಿಂತವರ ತೋಟ, ಗದ್ದೆ, ಮನೆಯ ಪಾತ್ರೆ ಪಗಡ ಎಲ್ಲ ಜಪ್ತಿ. ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. ಅಪ್ಪನ ಅಮ್ಮ ಆಗ ಸಣ್ಣ ಹುಡುಗಿ. ಪೊಲೀಸರು ಬಂದಾಗ ದನಗಳನ್ನು ಬಿಚ್ಚಿ ಕಾಡಿಗೆ ಅಟ್ಟಿದ ಕತೆಯನ್ನು ಅವರು ಹೇಳುತ್ತಿದ್ದರಂತೆ. ನನಗೇ ಗೊತ್ತಿಲ್ಲದ ಆ ಕತೆಯನ್ನು ಅಪ್ಪ ಕಿಂಡರ್ ಅಂಚಿನ ಬಂಡೆಯ ಮೇಲೆ ಕೂತು ಮೊಮ್ಮಕ್ಕಳಿಗೆ ಹೇಳಿದರು. ಮಗಳು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಗೆಳತಿಗೆ ದಾಟಿಸಿದಳು. ಅಲ್ಲಿ ಸಾಮ್ರಾಜ್ಯದ ಬೊಕ್ಕಸಕ್ಕೆ ಎದುರು ನಿಂತ ರೈತರು, ಇಲ್ಲಿ ಅದೇ ಸಾಮ್ರಾಜ್ಯದ ಜಮೀನುದಾರರಿಗೆ ಎದುರು ನಿಂತ ಕಾರ್ಮಿಕರ ಮಕ್ಕಳು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿರಲಾರದು. ನನ್ನ ಮಕ್ಕಳಿಗೆ ಮಾತ್ರ ಎರಡೂ ಮನೆಯ ಕತೆಗಳೇ.

ಇಳಿಯುವಾಗ ಮಂಜು ಮುಸುಕಿತು. ಐದು ನಿಮಿಷದಲ್ಲಿ ಇಪ್ಪತ್ತು ಅಡಿ ಆಚೆಯ ಬಂಡೆ ಕಾಣದಾಯಿತು. ಗೆಳತಿ ದಿಕ್ಸೂಚಿ ಹಿಡಿದು ಮುಂದೆ, ನನ್ನ ಗಂಡ ಕೊನೆಯಲ್ಲಿ, ಮಕ್ಕಳು ನಡುವೆ. ಪ್ರತಿ ತಿರುವಿನಲ್ಲೂ ನಿಂತು ತಲೆ ಎಣಿಸಿದೆವು. ದಾರಿ ತಪ್ಪಿದರೆ ನಿಮಿಷಕ್ಕೆ ಆರು ಸಲ ಸೀಟಿ ಊದಬೇಕು, ಫೋನ್ ಸಿಕ್ಕರೆ 999ಕ್ಕೆ ಕರೆ ಮಾಡಿ ಪೊಲೀಸರ ಮೂಲಕ ಬೆಟ್ಟದ ರಕ್ಷಣಾ ತಂಡವನ್ನು ಕೇಳಬೇಕು ಎಂದು ಮಗಳು ಅಜ್ಜನಿಗೆ ಹೇಳುತ್ತ ನಡೆದಳು. ಆ ತಂಡಗಳಲ್ಲಿ ಇರುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಕೊಳಾಯಿ ಕೆಲಸದವರು, ಶಿಕ್ಷಕರು, ದಾದಿಯರು ನಡುರಾತ್ರಿ ಎದ್ದು ಅಪರಿಚಿತರನ್ನು ಹುಡುಕಿಕೊಂಡು ಮಳೆಯಲ್ಲಿ ಬೆಟ್ಟ ಹತ್ತುತ್ತಾರೆ. ಈ ನಾಡಿನ ಬಗ್ಗೆ ನನಗಿರುವ ಗೌರವದಲ್ಲಿ ದೊಡ್ಡ ಪಾಲು ಅಂಥವರದು. ಮೆಟ್ಟಿಲು ಸಿಕ್ಕ ಮೇಲೆ ಮಂಜು ತಲೆಯ ಮೇಲೇ ಉಳಿಯಿತು, ಕಣಿವೆ ಬಿಸಿಲಿನಲ್ಲಿತ್ತು.

ಕಾಲುದಾರಿಯ ಕಾನೂನಿನಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿಯಿದೆ. 1980ರ ಹೆದ್ದಾರಿ ಕಾಯ್ದೆಯ ಪ್ರಕಾರ ಜನ ಇಪ್ಪತ್ತು ವರ್ಷ ಒಂದು ದಾರಿಯಲ್ಲಿ ಅಡ್ಡಿಯಿಲ್ಲದೆ, ಅನುಮತಿ ಕೇಳದೆ, ಹಕ್ಕೆಂಬಂತೆ ನಡೆದಿದ್ದರೆ, ಮತ್ತು ಒಡೆಯನಿಗೆ ಅದನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ ಎನ್ನಲು ಪುರಾವೆ ಇಲ್ಲದಿದ್ದರೆ, ಅದು ಸಾರ್ವಜನಿಕ ದಾರಿಯೆಂದು ಪರಿಗಣಿತವಾಗುತ್ತದೆ. ನಮ್ಮ ಬೀದಿಯ ಹಿಂದೆ ಓಕ್ ಮರಗಳ ನಡುವೆ ಹೊಳೆಗೆ ಇಳಿಯುವ ಇಂಥದೊಂದು ದಾರಿ ಇದೆ, ಯಾವ ನಕಾಶೆಯಲ್ಲೂ ಇಲ್ಲದ್ದು. ಜಾಗ ಮಾರಾಟಕ್ಕೆ ಬಂದಿದೆ ಎಂದು ತಿಳಿದ ಗೆಳತಿ ಅದನ್ನು ದಾಖಲೆಗೆ ಸೇರಿಸಲು ಅರ್ಜಿ ಹಾಕಿದ್ದಾರೆ. ನಡೆದವರೆಲ್ಲ ತಲಾ ಒಂದು ಸಾಕ್ಷಿ ಹಾಳೆ ತುಂಬಿಕೊಡಬೇಕು. ಶಿಬಿರದಿಂದ ಬಂದ ವಾರ ಅವರು ನಮಗೂ ಆ ಹಾಳೆಗಳನ್ನು ತಂದುಕೊಟ್ಟರು. ಯಾವ ವರ್ಷದಿಂದ ನಡೆಯುತ್ತಿದ್ದೀರಿ, ಎಷ್ಟು ಸಲ, ಯಾವ ಕೆಲಸಕ್ಕೆ, ಯಾರಾದರೂ ತಡೆದರೇ, ಯಾರನ್ನಾದರೂ ಕೇಳಿ ನಡೆದಿರೇ. ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋದ ವರ್ಷದಿಂದ ನಾನು ಬರೆಯುತ್ತ ಹೋದೆ. ಜೊತೆಗಿರುವ ನಕಾಶೆಯಲ್ಲಿ ದಾರಿಯನ್ನು ಪೆನ್ನಿನಿಂದ ಎಳೆಯಬೇಕಿತ್ತು. ಹೊಳೆಯ ಹತ್ತಿರ ಅದು ದೊಡ್ಡ ಓಕ್ ಮರದ ಎಡಕ್ಕೋ ಬಲಕ್ಕೋ ಎಂದು ನನಗೂ ಮಗಳಿಗೂ ವಾದ ಬಿತ್ತು. ಅಪ್ಪ ಚಪ್ಪಲಿ ಮೆಟ್ಟಿ, ನೋಡಿಯೇ ಬರೋಣ ನಡಿ ಎಂದು ಮೊಮ್ಮಗಳನ್ನು ಕರೆದುಕೊಂಡು ಹೊರಟರು.